ದೊಡ್ಡ ಲ್ಯಾನ್ ಪಾರ್ಟಿ: ಗೇಮ್ ಸರ್ವರ್‌ಗಳಿಗೆ ಐಪಿ ವಿಳಾಸ ಹಂಚುವುದು ಹೇಗೆ

"ಸರ್ವರ್ ಐಪಿ ಎಷ್ಟು?"

ಜನ ತಮ್ಮ ಕಂಪ್ಯೂಟರ್ ತಂದು, ಒಂದೇ ನೆಟ್‌ವರ್ಕ್‌ಗೆ ಸೇರಿಸಿ ಒಟ್ಟಿಗೆ ಗೇಮ್ ಆಡುವ ಲ್ಯಾನ್ ಪಾರ್ಟಿಯ ಹಾಲ್‌ನಲ್ಲಿ ಅತಿ ಹೆಚ್ಚು ಸಲ ಕೇಳಿಬರುವ ಪ್ರಶ್ನೆ ಇದು. ಉತ್ತರ ಮೂರು ಮೇಜಿನ ಆಚೆಯಿಂದ ಬರುತ್ತದೆ. ಕೇಳಿದವರ ಕಿವಿಯ ಮೇಲೆ ಹೆಡ್‌ಸೆಟ್ ಇರುತ್ತದೆ, ಹಿಂದೆ ಇನ್ಯಾರೋ ಗೆದ್ದ ಖುಷಿಗೆ ಕಿರುಚುತ್ತಿರುತ್ತಾರೆ. "ಒನ್ ನೈಂಟಿ ಟು, ಒನ್ ಸಿಕ್ಸ್ಟಿ ಎಯ್ಟ್..." ಎನ್ನುವಷ್ಟರಲ್ಲಿ ಅರ್ಧ ಮರೆತುಹೋಗಿರುತ್ತದೆ.

ಅದಕ್ಕೇ ಗೇಮ್ ಸರ್ವರ್‌ಗಳಿಗೆ ವಿಳಾಸ ಹಂಚುವಾಗ ನಾನು ಇಟ್ಟುಕೊಂಡಿರುವ ನಿಯಮ ಒಂದೇ. ಗಲಾಟೆಯ ನಡುವೆ ಒಬ್ಬರು ಇನ್ನೊಬ್ಬರಿಗೆ ಬಾಯಲ್ಲಿ ಹೇಳಿದರೂ ವಿಳಾಸ ತಪ್ಪಬಾರದು. ಹೇಳುವ ಅಗತ್ಯವೇ ಬೀಳದೆ ಗೇಮ್‌ನ ಲ್ಯಾನ್ ಪಟ್ಟಿಯಲ್ಲಿ (ಹಾಲ್‌ನೊಳಗಿನ ಸರ್ವರ್‌ಗಳನ್ನು ತೋರಿಸುವ ಪಟ್ಟಿ) ಸರ್ವರ್ ತಾನಾಗಿ ಕಾಣಿಸಿದರೆ ಇನ್ನೂ ಒಳ್ಳೆಯದು. ಈ ಎರಡಕ್ಕೂ ಬೇಕಾದ ಕೆಲಸವನ್ನು ಹಂತಹಂತವಾಗಿ ಹೇಳುತ್ತೇನೆ. ಲೆಕ್ಕಕ್ಕೆ ಸುಲಭವಾಗಲಿ ಅಂತ 1,200 ಸೀಟಿನ ಒಂದು ಹಾಲ್ ಇಟ್ಟುಕೊಳ್ಳೋಣ: 30 ಸಾಲು, ಸಾಲಿಗೆ 40 ಸೀಟು.

ಮನೆಯ ಸೆಟಪ್ ಇಲ್ಲಿ ಯಾಕೆ ನಡೆಯುವುದಿಲ್ಲ

ಇಪ್ಪತ್ತು ಜನ ಸೇರಿದಾಗ ಒಂದು ಸ್ವಿಚ್, ಒಂದು ಮನೆ ರೌಟರ್ ಸಾಕು. ರೌಟರ್ ತಾನೇ ವಿಳಾಸ ಕೊಡುತ್ತದೆ, ಎಲ್ಲರಿಗೂ ಎಲ್ಲ ಸರ್ವರ್ ಕಾಣಿಸುತ್ತವೆ. ಜನ ಜಾಸ್ತಿಯಾದಾಗ ಎರಡು ಕಡೆ ಏಟು ಬೀಳುತ್ತದೆ.

ಮೊದಲನೆಯದು, ವಿಳಾಸ ಮುಗಿದುಹೋಗುತ್ತವೆ. ಮನೆ ರೌಟರ್ ಸಾಮಾನ್ಯವಾಗಿ /24 ಸಬ್‌ನೆಟ್, ಅಂದರೆ ಮೊದಲ ಮೂರು ಸಂಖ್ಯೆ ಒಂದೇ ಇರುವ ವಿಳಾಸಗಳ ಗುಂಪು, ಇಟ್ಟುಕೊಂಡಿರುತ್ತದೆ (ಗೆರೆಯ ನಂತರದ ಸಂಖ್ಯೆ ಚಿಕ್ಕದಾದಷ್ಟೂ ಗುಂಪು ದೊಡ್ಡದು). ಅದರಲ್ಲಿ ಬಳಸಲು ಸಿಗುವುದು 254 ವಿಳಾಸ ಮಾತ್ರ. ಅಷ್ಟೂ ಖಾಲಿಯಾದ ಮೇಲೆ ಬಂದವರ ಮಷಿನ್ 169.254 ಅಂತ ಶುರುವಾಗುವ ವಿಳಾಸವನ್ನು ತಾನೇ ಹಾಕಿಕೊಂಡು ಕೂರುತ್ತದೆ. ಈ ಸಂಖ್ಯೆ ಕಂಡರೆ "ನನಗೆ ಯಾರೂ ವಿಳಾಸ ಕೊಡಲಿಲ್ಲ" ಎಂದು ಮಷಿನ್ ಹೇಳುತ್ತಿದೆ ಎಂದೇ ಅರ್ಥ.

ಎರಡನೆಯದು ಬ್ರಾಡ್‌ಕಾಸ್ಟ್, ಅಂದರೆ ಎಲ್ಲರಿಗೂ ಕೂಗಿ ಹೇಳುವಂತೆ ಕಳಿಸುವ ಪ್ಯಾಕೆಟ್ (ಮಾಹಿತಿಯ ತುಣುಕು). ಒಂದೇ ಸಬ್‌ನೆಟ್‌ನಲ್ಲಿ ಯಾರು ಬ್ರಾಡ್‌ಕಾಸ್ಟ್ ಮಾಡಿದರೂ ಅದು ಪ್ರತಿಯೊಬ್ಬರ ಕೇಬಲ್‌ಗೂ ಹೋಗುತ್ತದೆ. 1,200 ಮಷಿನ್‌ಗಳು ಸೆಕೆಂಡಿಗೆ ಎರಡೆರಡು ಸಲ ಕೂಗಿದರೂ ಪ್ರತಿ ಮಷಿನ್‌ಗೆ ಸೆಕೆಂಡಿಗೆ 2,400 ಬೇಡದ ಪ್ಯಾಕೆಟ್ ಬಂದು ಬೀಳುತ್ತವೆ. 1993ರ ಡೂಮ್ ಗೇಮ್‌ನ ಮೊದಲ ಆವೃತ್ತಿಗಳು ಆಟದ ಪ್ಯಾಕೆಟ್‌ಗಳನ್ನೇ ಬ್ರಾಡ್‌ಕಾಸ್ಟ್ ಆಗಿ ಕಳಿಸುತ್ತಿದ್ದವು. ಕ್ಯಾಂಪಸ್ ನೆಟ್‌ವರ್ಕ್‌ಗಳು ಅದರಿಂದಲೇ ಸುಸ್ತಾಗಿ, ಮುಂದಿನ ಆವೃತ್ತಿಯಲ್ಲಿ ಅದನ್ನು ಸರಿಪಡಿಸಬೇಕಾಯಿತು.

ಹಾಗಾಗಿ ಹಾಲ್ ಅನ್ನು ತುಂಡು ಮಾಡಲೇಬೇಕು. ಸಾವಿರಾರು ಮಷಿನ್ ಸೇರುವ ನಾರ್ವೆಯ 'ದ ಗ್ಯಾದರಿಂಗ್'ನಂಥ ಕಡೆ ಮೇಜುಗಳ ಸಾಲಿನ ಸ್ವಿಚ್‌ಗಳಿಗೆ ಬೇರೆ ಬೇರೆ ಸಬ್‌ನೆಟ್ ಇರುತ್ತದೆ. "ನಡುವೆ ರೌಟಿಂಗ್ ಬಂದರೆ ಪಿಂಗ್ ಜಾಸ್ತಿಯಾಗಲ್ವಾ?" ಎಂದು ಆಟಗಾರರು ಕೇಳುತ್ತಾರೆ. ಪಿಂಗ್ ಎಂದರೆ ಪ್ಯಾಕೆಟ್ ಹೋಗಿ ಉತ್ತರ ಬರಲು ಹಿಡಿಯುವ ಸಮಯ. ಸಬ್‌ನೆಟ್‌ಗಳ ನಡುವೆ ಪ್ಯಾಕೆಟ್ ದಾಟಿಸಬಲ್ಲ ಲೇಯರ್ 3 ಸ್ವಿಚ್ ಈ ಕೆಲಸವನ್ನು ಹಾರ್ಡ್‌ವೇರ್‌ನಲ್ಲೇ ಮೈಕ್ರೊಸೆಕೆಂಡ್‌ಗಳಲ್ಲಿ ಮುಗಿಸುತ್ತದೆ. ಆಟದಲ್ಲಿ ಅದು ಯಾರ ಗಮನಕ್ಕೂ ಬರುವುದಿಲ್ಲ. ತುಂಡು ಮಾಡಿದ್ದಕ್ಕೆ ತೆರಬೇಕಾದ ನಿಜವಾದ ಬೆಲೆ ಬೇರೆ ಇದೆ: ಲ್ಯಾನ್ ಪಟ್ಟಿ ಖಾಲಿಯಾಗುತ್ತದೆ. ಅದಕ್ಕೆ ಪರಿಹಾರ ಮುಂದೆ ಬರುತ್ತದೆ.

ಹಂತ 1: ಸ್ವಿಚ್ ಮುಟ್ಟುವ ಮೊದಲು ಪೇಪರ್

ಖಾಸಗಿ ಬಳಕೆಗೆಂದು 1996ರ ಆರ್‌ಎಫ್‌ಸಿ 1918 ಎಂಬ ಇಂಟರ್ನೆಟ್ ನಿಯಮಪತ್ರ ಮೂರು ವಿಳಾಸ ಗುಂಪುಗಳನ್ನು ಬಿಟ್ಟುಕೊಟ್ಟಿದೆ: 10.0.0.0/8, 172.16.0.0/12 ಮತ್ತು 192.168.0.0/16. ಲ್ಯಾನ್ ಪಾರ್ಟಿಗೆ ನನ್ನ ಆಯ್ಕೆ ಯಾವಾಗಲೂ ಮೊದಲನೆಯದು. ಕಾರಣ ಇಷ್ಟೇ, ಉಳಿದ ಎರಡರಲ್ಲಿ ಈಗಾಗಲೇ ಬೇರೆಯವರು ಕುಳಿತಿರುತ್ತಾರೆ. 192.168.0 ಮತ್ತು 192.168.1 ಮನೆ ರೌಟರ್‌ಗಳಿಗೆ ಮಾಮೂಲಿ. ವಿಂಡೋಸ್‌ನಲ್ಲಿ ಇಂಟರ್ನೆಟ್ ಹಂಚಿಕೆ ಆನ್ ಮಾಡಿದರೆ ಅದು 192.168.137 ಹಿಡಿಯುತ್ತದೆ. ಮಷಿನ್ ಒಳಗೆ ಇನ್ನೊಂದು ಮಷಿನ್ ಓಡಿಸುವ ವರ್ಚುವಲ್‌ಬಾಕ್ಸ್ 192.168.56 ಬಳಸುತ್ತದೆ. ಪ್ರೋಗ್ರಾಮ್‌ಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿಟ್ಟಂತೆ ಓಡಿಸುವ ಡಾಕರ್ ಹಾಕಿದ ಲಿನಕ್ಸ್ ಸರ್ವರ್ ಕೇಳದೆಯೇ 172.17.0.0/16 ತನ್ನದು ಎನ್ನುತ್ತದೆ. ನೀವು ಆಟಗಾರರಿಗೆ 172.17 ಕೊಟ್ಟು, ಗೇಮ್ ಸರ್ವರ್ ಡಾಕರ್‌ನಲ್ಲಿ ಓಡಿಸಿದರೆ, ಸರ್ವರ್‌ನ ಉತ್ತರಗಳು ಅದರ ಒಳಗೇ ಸುತ್ತಿಕೊಂಡು ಸಾಯುತ್ತವೆ.

10ರ ಗುಂಪಿನಲ್ಲಿ 1 ಕೋಟಿ 67 ಲಕ್ಷಕ್ಕೂ ಜಾಸ್ತಿ ವಿಳಾಸಗಳಿವೆ. ಜಿಪುಣತನ ಬೇಡ. ಸಾಲಿಗೆ 40 ಸೀಟು ಇದ್ದರೂ /26 ಅಂತೆಲ್ಲ ಕತ್ತರಿಸದೆ ಪೂರ್ತಿ /24 ಕೊಡಿ. ಯಾಕೆಂದರೆ ಆಗ ಮೂರನೇ ಸಂಖ್ಯೆಯನ್ನೇ ಸಾಲಿನ ಸಂಖ್ಯೆ ಮಾಡಬಹುದು. ನಮ್ಮ ಹಾಲ್‌ಗೆ 10.40.0.0/16 ತೆಗೆದುಕೊಂಡರೆ ಹೀಗೆ ಬರುತ್ತದೆ:

10.40.1.0/24ರಿಂದ 10.40.30.0/24: ಆಟಗಾರರ ಸಾಲುಗಳು. 17ನೇ ಸಾಲು ಎಂದರೆ 10.40.17.
10.40.200.0/24: ಗೇಮ್ ಸರ್ವರ್‌ಗಳು.
10.40.210.0/24: ಸ್ಟೇಜ್ ಮೇಲಿನ ಟೂರ್ನಮೆಂಟ್ ಮಷಿನ್‌ಗಳು.
10.40.240.0/22: ವೈ-ಫೈ. ಇಲ್ಲಿ 1,022 ಮಷಿನ್‌ಗೆ ಜಾಗ ಇದೆ.
10.40.250.0/24: ಡಿಎಚ್‌ಸಿಪಿ (ಮಷಿನ್‌ಗಳಿಗೆ ತಾನಾಗಿ ವಿಳಾಸ ಹಂಚುವುದು), ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕಿಕೊಡುವುದು) ಮುಂತಾದ ಸೇವೆಗಳು.
10.40.251.0/24: ಸ್ವಿಚ್‌ಗಳ ನಿರ್ವಹಣೆ. ಆಟಗಾರರಿಗೆ ಇಲ್ಲಿ ಪ್ರವೇಶ ಇಲ್ಲ.

ಪ್ರತಿ ಸಬ್‌ನೆಟ್‌ಗೂ ಒಂದು ವಿಲ್ಯಾನ್, ಅಂದರೆ ಸ್ವಿಚ್‌ನೊಳಗೇ ಬೇರೆ ಮಾಡಿದ ಒಂದು ನೆಟ್‌ವರ್ಕ್. ಅದರ ಸಂಖ್ಯೆಯೂ ಮೂರನೇ ಸಂಖ್ಯೆಯೇ ಇರಲಿ: 17ನೇ ಸಾಲು, ವಿಲ್ಯಾನ್ 17, ಗೇಟ್‌ವೇ (ಸಾಲಿನಿಂದ ಹೊರಹೋಗುವ ಬಾಗಿಲು) 10.40.17.1. ರಾತ್ರಿ ಎರಡು ಗಂಟೆಗೆ ಯಾರೋ ಬಂದು "ನನ್ನ ವಿಳಾಸ 10.40.17.134, ನೆಟ್ ಇಲ್ಲ" ಎಂದರೆ ಯಾವ ಶೀಟೂ ನೋಡದೆ ಸೀದಾ 17ನೇ ಸಾಲಿನ ಸ್ವಿಚ್ ಹತ್ತಿರ ನಡೆಯಬಹುದು. ನಿದ್ದೆಗೆಟ್ಟ ತಲೆಗೆ ಇದು ಎಷ್ಟು ದೊಡ್ಡ ಸಹಾಯ ಎನ್ನುವುದು ಒಂದು ಇಡೀ ರಾತ್ರಿ ಕಳೆದವರಿಗೆ ಗೊತ್ತು.

ಹಂತ 2: ಸರ್ವರ್ ಬ್ಲಾಕ್

ಗೇಮ್ ಸರ್ವರ್‌ಗಳೆಲ್ಲ ಒಂದೇ ಕಡೆ ಇರಲಿ. ಒಂದು ರ್‍ಯಾಕ್, ಒಂದು ವಿಲ್ಯಾನ್, 10.40.200. ಒಳಗೆ ಹತ್ತತ್ತರ ಗುಂಪು ಮಾಡಿ: 11ರಿಂದ 19 ಕೌಂಟರ್-ಸ್ಟ್ರೈಕ್, 21ರಿಂದ 29 ಕ್ವೇಕ್, 31ರಿಂದ 39 ಮೈನ್‌ಕ್ರಾಫ್ಟ್, ಹೀಗೆ. 2ರಿಂದ 9ರವರೆಗೆ ನಿಮ್ಮ ಸ್ವಂತ ಉಪಯೋಗಕ್ಕೆ ಬಿಟ್ಟುಕೊಳ್ಳಿ.

ಹಾಲ್‌ನಲ್ಲಿ ಎಲ್ಲರ ವಿಳಾಸವೂ 10.40ರಿಂದಲೇ ಶುರುವಾಗುವುದರಿಂದ ಜನ ಒಂದು ಗಂಟೆಯೊಳಗೆ ಅದನ್ನು ಹೇಳುವುದನ್ನೇ ಬಿಡುತ್ತಾರೆ. "ಇನ್ನೂರು, ಹದಿನಾಲ್ಕು" ಎಂದು ಕೂಗಿದರೆ ಸಾಕು, ನಾಲ್ಕನೇ ಕೌಂಟರ್-ಸ್ಟ್ರೈಕ್ ಸರ್ವರ್ ಎಂದು ಎಲ್ಲರಿಗೂ ತಿಳಿಯುತ್ತದೆ. ನಾನು ಮೊದಲು ಹೇಳಿದ ನಿಯಮ ಇಲ್ಲಿ ಫಲ ಕೊಡುತ್ತದೆ.

ಈ ವಿಳಾಸಗಳನ್ನು ಸರ್ವರ್ ಮಷಿನ್‌ನಲ್ಲೇ ಕೈಯಾರೆ ಹಾಕಿ. ಒಂದು ಮಷಿನ್‌ಗೆ ಸದಾ ಒಂದೇ ವಿಳಾಸ ಕೊಡುವ ಡಿಎಚ್‌ಸಿಪಿ ರಿಸರ್ವೇಶನ್ ನೋಡಲು ಚೆಂದ, ಎಲ್ಲ ಒಂದೇ ಕಡೆ ಇರುತ್ತದೆ, ನಿಜ. ಆದರೆ ಲ್ಯಾನ್ ಪಾರ್ಟಿಯಲ್ಲಿ ಬ್ರೇಕರ್ ಟ್ರಿಪ್ ಆಗುವುದು ಖಂಡಿತ. ಕರೆಂಟ್ ವಾಪಸ್ ಬಂದಾಗ ಯಾವ ಮಷಿನ್ ಮೊದಲು ಎದ್ದೇಳುತ್ತದೆ ಎಂದು ಹೇಳಲು ಬರುವುದಿಲ್ಲ. ಗೇಮ್ ಸರ್ವರ್ ಎದ್ದು ಕೂತಾಗ ಡಿಎಚ್‌ಸಿಪಿ ಮಷಿನ್ ಇನ್ನೂ ಬೂಟ್ ಆಗುತ್ತಿದ್ದರೆ, ಸರ್ವರ್ ವಿಳಾಸವಿಲ್ಲದೆ ನಿಂತುಬಿಡುತ್ತದೆ. ಕೈಯಾರೆ ಹಾಕಿದ ವಿಳಾಸಕ್ಕೆ ಯಾರ ಹಂಗೂ ಇಲ್ಲ.

ಹಾಗೆ ಹಾಕುವಾಗ ವಿಂಡೋಸ್ ಮಷಿನ್‌ನಲ್ಲಿ ಒಂದು ಕಡೆ ಕಣ್ಣಿಡಿ. ಅಡಾಪ್ಟರ್ ಕಿಟಕಿಯಲ್ಲಿ 10.40.200.14 ಎಂದು ಟೈಪ್ ಮಾಡಿ ಟ್ಯಾಬ್ ಒತ್ತುತ್ತೀರಿ. ಕೆಳಗಿನ ಖಾನೆಯಲ್ಲಿ ಸಬ್‌ನೆಟ್ ಮಾಸ್ಕ್ ತಾನಾಗಿ ತುಂಬಿಕೊಳ್ಳುತ್ತದೆ: 255.0.0.0. ಅದನ್ನು ಹಾಗೇ ಬಿಟ್ಟು ಓಕೆ ಕೊಟ್ಟರೆ 10ರಿಂದ ಶುರುವಾಗುವ ಎಲ್ಲರೂ ತನ್ನ ಪಕ್ಕದಲ್ಲೇ ಇದ್ದಾರೆ ಎಂದು ಆ ಮಷಿನ್ ನಂಬುತ್ತದೆ. 17ನೇ ಸಾಲಿನ ಆಟಗಾರನಿಗೆ ಉತ್ತರ ಕಳಿಸಬೇಕಾದಾಗ ಗೇಟ್‌ವೇಗೆ ಕೊಡುವುದಿಲ್ಲ, ತನ್ನ ವಿಲ್ಯಾನ್‌ನಲ್ಲೇ ಅವನನ್ನು ಹುಡುಕುತ್ತದೆ. ಅವನು ಅಲ್ಲಿಲ್ಲ. ಪಕ್ಕದ ಸರ್ವರ್‌ನಿಂದ ಪಿಂಗ್ ಮಾಡಿದರೆ ಎಲ್ಲ ಸರಿ ಇರುವಂತೆಯೇ ಕಾಣಿಸುತ್ತದೆ, ಹಾಲ್‌ನಿಂದ ಮಾತ್ರ ಯಾರೂ ಸೇರಲು ಆಗುವುದಿಲ್ಲ. ಮಾಸ್ಕ್ 255.255.255.0 ಇದೆಯೇ ಎಂದು ಎರಡು ಸಲ ನೋಡಿ.

ಹಂತ 3: ಒಂದೇ ಮಷಿನ್‌ನಲ್ಲಿ ಹತ್ತು ಸರ್ವರ್

ಇಂದಿನ ಒಂದು ಒಳ್ಳೆ ಮಷಿನ್ ಹತ್ತಾರು ಗೇಮ್ ಸರ್ವರ್ ಓಡಿಸುತ್ತದೆ. ಅವನ್ನು ಬೇರೆ ಬೇರೆ ಮಾಡಿ ತೋರಿಸಲು ಎರಡು ದಾರಿ. ಒಂದೇ ವಿಳಾಸ ಇಟ್ಟು 27015, 27016, 27017 ಎಂದು ಪೋರ್ಟ್ (ಒಂದೇ ವಿಳಾಸದೊಳಗಿನ ಬಾಗಿಲ ಸಂಖ್ಯೆ) ಬದಲಿಸುವುದು ಒಂದು. ಒಂದೇ ನೆಟ್‌ವರ್ಕ್ ಕಾರ್ಡ್‌ಗೆ ಹಲವು ವಿಳಾಸ ಕೊಟ್ಟು, ಪ್ರತಿ ವಿಳಾಸದಲ್ಲೂ ಮಾಮೂಲಿ ಪೋರ್ಟ್‌ನಲ್ಲೇ ಸರ್ವರ್ ಓಡಿಸುವುದು ಇನ್ನೊಂದು.

ನನ್ನ ಮತ ಎರಡನೆಯದಕ್ಕೆ. ಪೋರ್ಟ್ ಬದಲಾದರೆ ಜನ ಅದನ್ನೂ ನೆನಪಿಟ್ಟು ಹೇಳಬೇಕು. ಜೊತೆಗೆ, ಲ್ಯಾನ್ ಪಟ್ಟಿಗಾಗಿ ಗೇಮ್‌ಗಳು ಎಲ್ಲ ಪೋರ್ಟ್‌ಗಳನ್ನೂ ತಟ್ಟಿ ನೋಡುವುದಿಲ್ಲ. ಕ್ವೇಕ್ 3 ನೋಡುವುದು 27960ರಿಂದ 27963ರವರೆಗಿನ ನಾಲ್ಕನ್ನು ಮಾತ್ರ. ಐದನೇ ಸರ್ವರ್ ಇದ್ದೂ ಇಲ್ಲದಂತೆ.

ಆದರೆ ಈ ದಾರಿಯಲ್ಲಿ ಪ್ರತಿ ಸರ್ವರ್‌ಗೂ "ನಿನ್ನ ವಿಳಾಸ ಇದು" ಎಂದು ಶುರು ಮಾಡುವಾಗಲೇ ಸ್ಪಷ್ಟವಾಗಿ ಹೇಳಬೇಕು. ಬಹುತೇಕ ಗೇಮ್ ಸರ್ವರ್‌ಗಳಲ್ಲಿ ಇದಕ್ಕೆ ಐಪಿ ಎಂಬ ಆಯ್ಕೆ ಇರುತ್ತದೆ. ಹೇಳದೆ ಬಿಟ್ಟರೆ ಮೊದಲನೇ ಸರ್ವರ್ 0.0.0.0, ಅಂದರೆ ಮಷಿನ್‌ನ ಎಲ್ಲ ವಿಳಾಸಗಳನ್ನೂ ತಾನೇ ಹಿಡಿದುಕೊಳ್ಳುತ್ತದೆ. ಎರಡನೆಯದು ಜಾಗ ಸಿಗದೆ ಸದ್ದಿಲ್ಲದೆ 27016ಕ್ಕೆ ಜಾರಬಹುದು.

ಅದಕ್ಕಿಂತ ತಲೆ ತಿನ್ನುವ ತೊಂದರೆ ಇನ್ನೊಂದಿದೆ. ಮಷಿನ್‌ಗೆ 11ರಿಂದ 15ರವರೆಗೆ ಐದು ವಿಳಾಸ ಇದೆ, ಸರ್ವರ್ ಎಲ್ಲವನ್ನೂ ಹಿಡಿದಿದೆ ಎಂದುಕೊಳ್ಳಿ. ಆಟಗಾರ 14ಕ್ಕೆ ಪ್ಯಾಕೆಟ್ ಕಳಿಸುತ್ತಾನೆ. ಯುಡಿಪಿ ಎಂಬ ಪ್ಯಾಕೆಟ್ ಕಳಿಸುವ ವಿಧಾನದಲ್ಲಿ ಉತ್ತರ ಹೊರಡುವಾಗ ಆಪರೇಟಿಂಗ್ ಸಿಸ್ಟಮ್ ಸಾಮಾನ್ಯವಾಗಿ ಮಷಿನ್‌ನ ಮುಖ್ಯ ವಿಳಾಸವನ್ನೇ, ಅಂದರೆ 11ನ್ನು, ಕಳಿಸಿದವರ ಜಾಗದಲ್ಲಿ ಬರೆಯುತ್ತದೆ. ಆಟಗಾರನ ಗೇಮ್ 14ರ ಉತ್ತರಕ್ಕೆ ಕಾಯುತ್ತಿದೆ, 11ರಿಂದ ಬಂದದ್ದನ್ನು ಎಸೆಯುತ್ತದೆ. ಪಿಂಗ್ ಹೋಗುತ್ತದೆ, ಸರ್ವರ್ ಓಡುತ್ತಿದೆ, ಸೇರಲು ಮಾತ್ರ ಆಗುವುದಿಲ್ಲ. ಪ್ರತಿ ಸರ್ವರ್‌ಗೂ ಒಂದೇ ವಿಳಾಸ ಕಟ್ಟಿಕೊಟ್ಟರೆ ಈ ಗೋಳೇ ಇರುವುದಿಲ್ಲ.

ಹಂತ 4: ಖಾಲಿ ಪಟ್ಟಿಯನ್ನು ತುಂಬಿಸುವುದು

ಇಡೀ ಕೆಲಸದಲ್ಲಿ ಅತಿ ಜಾಸ್ತಿ ಸಮಯ ಬೇಡುವ ಭಾಗ ಇದು. ಸಮಯ ಕೊಟ್ಟಷ್ಟೂ ಆಟಗಾರರಿಗೆ ಲಾಭ.

ಲ್ಯಾನ್ ಪಟ್ಟಿ ತೆರೆದಾಗ ಏನಾಗುತ್ತದೆ? ಗೇಮ್ 255.255.255.255ಕ್ಕೆ ಒಂದು ಪ್ಯಾಕೆಟ್ ಬಿಡುತ್ತದೆ: "ಇಲ್ಲಿ ಯಾರಾದರೂ ಸರ್ವರ್ ಇದ್ದೀರಾ?" ಆ ಕೂಗು ಸಾಲಿನ ವಿಲ್ಯಾನ್ ದಾಟುವುದಿಲ್ಲ, ಏಕೆಂದರೆ ರೌಟರ್‌ಗಳು ಬ್ರಾಡ್‌ಕಾಸ್ಟ್ ಅನ್ನು ಮುಂದೆ ಕಳಿಸುವುದಿಲ್ಲ. ಸರ್ವರ್‌ಗಳು ಬೇರೆ ವಿಲ್ಯಾನ್‌ನಲ್ಲಿವೆ, ಪಟ್ಟಿ ಖಾಲಿ.

ಇಲ್ಲಿ ಗಮನಿಸಬೇಕಾದ್ದು, ಕೂಗು ಮಾತ್ರ ಬ್ರಾಡ್‌ಕಾಸ್ಟ್. ಸರ್ವರ್ ಕೊಡುವ ಉತ್ತರ ಕೇಳಿದವರ ವಿಳಾಸಕ್ಕೇ ನೇರವಾಗಿ ಬರುವ ಮಾಮೂಲಿ ಪ್ಯಾಕೆಟ್. ಅದಕ್ಕೆ ರೌಟಿಂಗ್ ಅಡ್ಡಿ ಅಲ್ಲವೇ ಅಲ್ಲ. ಹಾಗಾಗಿ ನಾವು ಹೊತ್ತು ದಾಟಿಸಬೇಕಾದ್ದು ಪ್ರಶ್ನೆಯನ್ನು ಮಾತ್ರ, ಅದೂ ಒಂದೇ ದಿಕ್ಕಿನಲ್ಲಿ: ಸಾಲುಗಳಿಂದ ಸರ್ವರ್ ಬ್ಲಾಕ್‌ಗೆ. ಎಲ್ಲ ಸಾಲುಗಳ ಕೂಗನ್ನೂ ಎಲ್ಲ ಸಾಲುಗಳಿಗೆ ಹಂಚುವ ಪ್ರೋಗ್ರಾಮ್ ಹಾಕಿದರೆ ತುಂಡು ಮಾಡಿದ್ದೇ ವ್ಯರ್ಥ. ಅಂಥ ಎರಡು ಪ್ರೋಗ್ರಾಮ್ ಒಟ್ಟಿಗೆ ಓಡಿದರೆ ಒಂದು ಬಿಟ್ಟ ಪ್ಯಾಕೆಟ್ ಇನ್ನೊಂದು ಹಿಡಿದು, ಸುತ್ತು ನಿಲ್ಲುವುದೇ ಇಲ್ಲ.

ಸರ್ವರ್ ಹತ್ತರೊಳಗೆ ಇದ್ದರೆ ಸ್ವಿಚ್ಚೇ ಈ ಕೆಲಸ ಮಾಡುತ್ತದೆ. ಸಿಸ್ಕೊ ಸ್ವಿಚ್‌ಗಳಲ್ಲಿ ಇದರ ಹೆಸರು 'ಐಪಿ ಹೆಲ್ಪರ್-ಅಡ್ರೆಸ್'. ಡಿಎಚ್‌ಸಿಪಿಗಾಗಿ ಹೇಗೂ ಅದನ್ನು ಪ್ರತಿ ಸಾಲಿನ ಗೇಟ್‌ವೇಯಲ್ಲೂ ಹಾಕಿರುತ್ತೀರಿ. ಗೇಮ್ ಸರ್ವರ್‌ಗಳ ವಿಳಾಸಗಳನ್ನೂ ಅಲ್ಲೇ ಸೇರಿಸಿ. ಆಮೇಲೆ ಯಾವ ಯುಡಿಪಿ ಪೋರ್ಟ್‌ಗಳನ್ನು ದಾಟಿಸಬೇಕು ಎಂದು 'ಐಪಿ ಫಾರ್ವರ್ಡ್-ಪ್ರೋಟೊಕಾಲ್' ಸಾಲಿನಲ್ಲಿ ಹೇಳಿ: 27015, 27960 ಹೀಗೆ. ಹೆಲ್ಪರ್ ಹಾಕಿದ ಕೂಡಲೇ ಡಿಎಚ್‌ಸಿಪಿ, ಡಿಎನ್‌ಎಸ್ ಜೊತೆಗೆ ನೆಟ್‌ಬಯೋಸ್‌ನ (ವಿಂಡೋಸ್ ಮಷಿನ್‌ಗಳು ಒಂದನ್ನೊಂದು ಹುಡುಕುವ ಹಳೆಯ ವ್ಯವಸ್ಥೆ) 137, 138 ಪೋರ್ಟ್‌ಗಳೂ ತಾವಾಗಿ ದಾಟಲು ಶುರುವಾಗುತ್ತವೆ. ಅವು ನಮಗೆ ಬೇಡ, ತೆಗೆದುಹಾಕಿ. ಇಲ್ಲದಿದ್ದರೆ ಹಾಲ್‌ನ ಪ್ರತಿ ವಿಂಡೋಸ್ ಮಷಿನ್‌ನ ಕೂಗೂ ನಿಮ್ಮ ಗೇಮ್ ಸರ್ವರ್‌ಗೆ ಬಂದು ಬಡಿಯುತ್ತದೆ.

ಸರ್ವರ್ ನಲವತ್ತಾದರೆ? ನಲವತ್ತು ಹೆಲ್ಪರ್ ಸಾಲು, ಮೂವತ್ತು ವಿಲ್ಯಾನ್, ಒಟ್ಟು 1,200 ಸಾಲು ಬರೆಯಬೇಕು. ಆಗ ಎಲ್ಲರಿಗೂ ಹೊಳೆಯುವ ಉಪಾಯ, ಹೆಲ್ಪರ್ ಅನ್ನು ಸರ್ವರ್ ಬ್ಲಾಕ್‌ನ ಬ್ರಾಡ್‌ಕಾಸ್ಟ್ ವಿಳಾಸವಾದ 10.40.200.255ಕ್ಕೆ ತಿರುಗಿಸುವುದು. ಒಂದೇ ಸಾಲು ಸಾಕು. ಇದಕ್ಕೆ ಆ ವಿಲ್ಯಾನ್‌ನಲ್ಲಿ ಡೈರೆಕ್ಟೆಡ್ ಬ್ರಾಡ್‌ಕಾಸ್ಟ್, ಅಂದರೆ ಬೇರೆ ಸಬ್‌ನೆಟ್‌ನಿಂದ ಬಂದ ಇಂಥ ಕೂಗನ್ನು ಒಳಗೆ ಬಿಡುವ ಸೌಲಭ್ಯ, ಆನ್ ಮಾಡಬೇಕು. ದುರುಪಯೋಗ ಆಗುತ್ತಿತ್ತು ಎಂಬ ಕಾರಣಕ್ಕೆ 1999ರಿಂದ ಅದನ್ನು ಆಫ್ ಇಟ್ಟೇ ರೌಟರ್ ಕೊಡಬೇಕು ಎಂಬ ನಿಯಮ ಬಂದಿದೆ. ಆನ್ ಮಾಡುವುದಾದರೆ ಗೇಮ್ ಪೋರ್ಟ್‌ಗಳಿಗೆ ಮಾತ್ರ ಸೀಮಿತ ಮಾಡಿ.

ಆದರೆ ಈ ಉಪಾಯ ಹಂತ 3ಕ್ಕೆ ಡಿಕ್ಕಿ ಹೊಡೆಯುತ್ತದೆ. ಲಿನಕ್ಸ್‌ನಲ್ಲಿ ಒಂದು ನಿರ್ದಿಷ್ಟ ವಿಳಾಸಕ್ಕೆ ಕಟ್ಟಿದ ಸರ್ವರ್‌ಗೆ ಬ್ರಾಡ್‌ಕಾಸ್ಟ್ ಕೇಳಿಸುವುದೇ ಇಲ್ಲ. ತನ್ನ ವಿಳಾಸಕ್ಕೇ ಬಂದ ಪ್ಯಾಕೆಟ್ ಮಾತ್ರ ಅದಕ್ಕೆ ಸಿಗುತ್ತದೆ. ವಿಳಾಸ ಹಾಕಿ ಸೇರಿದರೆ ಸೇರುತ್ತದೆ, ಪಟ್ಟಿಯಲ್ಲಿ ಮಾತ್ರ ಕಾಣುವುದಿಲ್ಲ. ಇದು ಗೊತ್ತಾಗುವ ಮೊದಲು ನಾನು ಒಂದು ಇಡೀ ಸಂಜೆ ಸ್ವಿಚ್ ಕಾನ್ಫಿಗರೇಶನ್ ತಿದ್ದುತ್ತಾ ಕೂತಿದ್ದೆ. ಸ್ವಿಚ್‌ನಲ್ಲಿ ತಪ್ಪೇ ಇರಲಿಲ್ಲ.

ಹಾಗಾಗಿ ದೊಡ್ಡ ಪಾರ್ಟಿಗೆ ನಾನು ಹೇಳುವ ದಾರಿ ಇದು. ಸರ್ವರ್ ಬ್ಲಾಕ್‌ನಲ್ಲಿ 10.40.200.5 ಎಂಬ ಒಂದು ಚಿಕ್ಕ ಲಿನಕ್ಸ್ ಮಷಿನ್ ಇಡಿ. ಎಲ್ಲ ಸಾಲುಗಳ ಹೆಲ್ಪರ್ ಅದರ ಕಡೆಗೇ ಇರಲಿ. ಬಂದ ಪ್ರತಿ ಪ್ರಶ್ನೆಯನ್ನೂ ಅದು ಪಟ್ಟಿಯಲ್ಲಿರುವ ಪ್ರತಿ ಸರ್ವರ್ ವಿಳಾಸಕ್ಕೂ ಒಂದೊಂದು ಪ್ರತಿ ಮಾಡಿ ಕಳಿಸಬೇಕು. ಹಾಗೆ ಕಳಿಸುವಾಗ ಕಳಿಸಿದವರ ಜಾಗದಲ್ಲಿ ಆಟಗಾರನ ಮೂಲ ವಿಳಾಸ ಮತ್ತು ಪೋರ್ಟ್ ಹಾಗೇ ಇರಬೇಕು, ಇಲ್ಲದಿದ್ದರೆ ಸರ್ವರ್‌ಗಳ ಉತ್ತರವೆಲ್ಲ ಈ ಚಿಕ್ಕ ಮಷಿನ್‌ಗೇ ವಾಪಸ್ ಬರುತ್ತದೆ. ಯುಡಿಪಿ ಬ್ರಾಡ್‌ಕಾಸ್ಟ್ ರಿಲೇ ಎಂದು ಹುಡುಕಿದರೆ ಇಂಥ ತೆರೆದ ಪ್ರೋಗ್ರಾಮ್‌ಗಳು ಸಿಗುತ್ತವೆ. ಪ್ರೋಗ್ರಾಮಿಂಗ್ ಬಲ್ಲವರು ರಾ ಸಾಕೆಟ್ ಬಳಸಿ ತಾವೇ ಬರೆದುಕೊಳ್ಳಬಹುದು. ಸುಳ್ಳು ವಿಳಾಸದ ಪ್ಯಾಕೆಟ್ ತಡೆಯುವ ಫಿಲ್ಟರ್ ಸರ್ವರ್ ವಿಲ್ಯಾನ್‌ನಲ್ಲಿ ಇದ್ದರೆ ಈ ಒಂದು ಮಷಿನ್‌ಗೆ ವಿನಾಯಿತಿ ಕೊಡಿ. ಹೊಸ ಸರ್ವರ್ ಬಂದಾಗ ಒಂದು ಫೈಲ್‌ನಲ್ಲಿ ಒಂದು ಸಾಲು ಸೇರಿಸಿದರೆ ಮುಗಿಯಿತು, ಯಾವ ಸ್ವಿಚ್ಚೂ ಮುಟ್ಟಬೇಕಿಲ್ಲ.

ಎಲ್ಲ ಗೇಮ್‌ಗಳೂ ಈ ಅಚ್ಚಿಗೆ ಹೊಂದುವುದಿಲ್ಲ. ಮೈನ್‌ಕ್ರಾಫ್ಟ್‌ನಲ್ಲಿ ಆಟಗಾರ ತನ್ನ ಲೋಕವನ್ನು ಲ್ಯಾನ್‌ಗೆ ತೆರೆದರೆ, ಅವನ ಮಷಿನ್ 224.0.2.60 ಎಂಬ ಮಲ್ಟಿಕಾಸ್ಟ್ (ಕೇಳಲು ಸೇರಿದ ಗುಂಪಿಗೆ ಹೋಗುವ) ವಿಳಾಸಕ್ಕೆ, 4445ನೇ ಪೋರ್ಟ್‌ಗೆ, ಒಂದೂವರೆ ಸೆಕೆಂಡಿಗೊಮ್ಮೆ ತನ್ನನ್ನು ತಾನೇ ಸಾರಿಕೊಳ್ಳುತ್ತದೆ. ಅಂದರೆ ಇಲ್ಲಿ ಕೂಗುವವನು ಆತಿಥೇಯ, ದಿಕ್ಕು ಉಲ್ಟಾ. ಪ್ರತ್ಯೇಕ ಮೈನ್‌ಕ್ರಾಫ್ಟ್ ಸರ್ವರ್ ಆದರೆ ಕೂಗುವುದೇ ಇಲ್ಲ, ಅದರ ವಿಳಾಸವನ್ನು ಟೈಪ್ ಮಾಡಬೇಕು. ಪೋರ್ಟ್ 25565 ಇದ್ದರೆ ಅದನ್ನು ಬರೆಯಬೇಕಿಲ್ಲ. ವಾರ್‌ಕ್ರಾಫ್ಟ್ 3ನಂಥ ಹಳೆಯ ಗೇಮ್‌ಗಳಲ್ಲಿ ಆಟಗಾರನ ಮಷಿನ್ನೇ ಸರ್ವರ್. ಅವಕ್ಕೆ ರಿಲೇ ಹಿಂದೆ ಓಡುವ ಬದಲು ಆ ಬಳಗವನ್ನು ಒಂದೇ ಸಾಲಿನಲ್ಲಿ ಕೂರಿಸಿ, ಅಥವಾ ಅವರ ಸ್ವಿಚ್ ಪೋರ್ಟ್‌ಗಳನ್ನು ಒಂದೇ ವಿಲ್ಯಾನ್‌ಗೆ ಹಾಕಿ. ಐವತ್ತು ಜನ ಒಂದೇ ವಿಲ್ಯಾನ್‌ನಲ್ಲಿ ಇದ್ದರೆ ಯಾರಿಗೂ ತೊಂದರೆ ಇಲ್ಲ.

ಹಂತ 5: ಆಟಗಾರರಿಗೆ ಡಿಎಚ್‌ಸಿಪಿ

ಸಾಲಿನ ಪ್ರತಿ ಸಬ್‌ನೆಟ್‌ನಲ್ಲಿ 100ರಿಂದ 220ರವರೆಗೆ ಹಂಚಲು ಬಿಡಿ. 40 ಸೀಟಿಗೆ 121 ವಿಳಾಸ. ಒಬ್ಬೊಬ್ಬರೂ ಎರಡು ಮಷಿನ್ ತಂದರೂ ಸಾಕಾಗುತ್ತದೆ.

ಲೀಸ್ ಅವಧಿ, ಅಂದರೆ ಕೊಟ್ಟ ವಿಳಾಸ ಮಷಿನ್ ಬಳಿ ಇರುವ ಸಮಯ, ಎಷ್ಟಿರಬೇಕು ಎಂಬುದನ್ನು ಬಹಳ ಜನ ಯೋಚಿಸುವುದೇ ಇಲ್ಲ. ಲೀಸ್‌ನ ಅರ್ಧ ಸಮಯ ಕಳೆದಾಗ ಮಷಿನ್ ಅದನ್ನು ನವೀಕರಿಸಲು ಕೇಳುತ್ತದೆ. ಪೂರ್ತಿ ಮುಗಿಯುವವರೆಗೂ ಡಿಎಚ್‌ಸಿಪಿ ಸರ್ವರ್ ಸಿಗದಿದ್ದರೆ ವಿಳಾಸವನ್ನು ಬಿಟ್ಟುಬಿಡುತ್ತದೆ. ಒಂದು ಗಂಟೆಯ ಲೀಸ್ ಇಟ್ಟಾಗ ಡಿಎಚ್‌ಸಿಪಿ ಮಷಿನ್ ಕೆಟ್ಟರೆ, ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಇಡೀ ಹಾಲ್ ಆಟದ ಮಧ್ಯೆ ಉದುರುತ್ತದೆ. 24 ಗಂಟೆ ಇಟ್ಟಿದ್ದರೆ ಕನಿಷ್ಠ ಅರ್ಧ ದಿನ ಸಿಗುತ್ತದೆ, ಸಮಾಧಾನವಾಗಿ ರಿಪೇರಿ ಮಾಡಬಹುದು. ಸೆಟಪ್ ದಿನ ಮಾತ್ರ 10 ನಿಮಿಷ ಇಡಿ, ತಿದ್ದಿದ್ದು ಬೇಗ ಎಲ್ಲ ಕಡೆ ತಲುಪುತ್ತದೆ. ಬಾಗಿಲು ತೆರೆಯುವ ಮೊದಲು 24 ಗಂಟೆಗೆ ಏರಿಸಿ. ವೈ-ಫೈಗೆ ಫೋನ್‌ಗಳು ಬಂದು ಹೋಗುತ್ತಿರುತ್ತವೆ, ಅಲ್ಲಿ ಎರಡು ಗಂಟೆ ಸಾಕು.

ಇನ್ನು ಕಳ್ಳ ಡಿಎಚ್‌ಸಿಪಿ. ಒಂದು ಸಲ ರಾತ್ರಿ ಊಟದ ಹೊತ್ತಿಗೆ ಒಂದೇ ಸಾಲಿನಿಂದ ಏಳೆಂಟು ಜನ ಎದ್ದು ಬಂದರು. ಎಲ್ಲರ ಪಟ್ಟಿಯಿಂದಲೂ ಸರ್ವರ್‌ಗಳು ಮಾಯ. ಒಬ್ಬರ ಪರದೆ ನೋಡಿದೆ: ವಿಳಾಸ 192.168.1.103. ಮೇಜಿನ ಕೆಳಗೆ ಕೇಬಲ್ ಹಿಡಿದು ಹೋದರೆ ತುದಿಯಲ್ಲಿ ಒಂದು ಮನೆ ರೌಟರ್ ಮಿಣುಕುತ್ತಿತ್ತು. ಇನ್ನೊಂದು ಮಷಿನ್‌ಗೆ ಜಾಗ ಸಾಲದೆ ಅದನ್ನೇ ಸ್ವಿಚ್‌ನಂತೆ ಬಳಸಿದ್ದರು. ತಂದವರಿಗೆ ಇದರಿಂದ ಏನಾಗುತ್ತದೆ ಎಂದು ಗೊತ್ತೇ ಇರಲಿಲ್ಲ, ಬಯ್ಯುವಂಥದ್ದೂ ಅಲ್ಲ. ನಾನು ಸ್ವಿಚ್‌ನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಆನ್ ಮಾಡಿರಲಿಲ್ಲ. ಅದನ್ನು ಆನ್ ಮಾಡಿ, ಮೇಲಿನ ಸ್ವಿಚ್‌ಗೆ ಹೋಗುವ ಪೋರ್ಟ್ ಒಂದನ್ನೇ ನಂಬುವಂತೆ ಹೇಳಿದರೆ, ಸೀಟಿನ ಕಡೆಯಿಂದ ಯಾರೇ ವಿಳಾಸ ಹಂಚಲು ಬಂದರೂ ಅಲ್ಲೇ ನಿಲ್ಲುತ್ತದೆ. ಸ್ವಿಚ್‌ನಲ್ಲಿ ಎಆರ್‌ಪಿ (ಯಾವ ವಿಳಾಸ ಯಾವ ಮಷಿನ್‌ನದು ಎಂದು ಕೇಳಿ ತಿಳಿಯುವ ವಿಧಾನ) ತಪಾಸಣೆಯ ಸೌಲಭ್ಯವೂ ಇದ್ದರೆ ಹಾಕಿಬಿಡಿ, ಯಾರೋ ಕೈಯಾರೆ ಗೇಟ್‌ವೇಯ ವಿಳಾಸ ಹಾಕಿಕೊಂಡು ಇಡೀ ಸಾಲನ್ನು ಬೀಳಿಸುವುದೂ ತಪ್ಪುತ್ತದೆ.

ಹಂತ 6: ಆಟಗಾರರೇ ತರುವ ಸರ್ವರ್

ಯಾರೋ ತಮ್ಮ ಮಾಡ್ (ಗೇಮ್‌ಗೆ ತಾವೇ ಮಾಡಿದ ಬದಲಾವಣೆ) ಹಾಕಿದ ಸರ್ವರ್ ತಂದಿರುತ್ತಾರೆ. ಲ್ಯಾನ್ ಪಾರ್ಟಿಯ ಜೀವ ಇಂಥವರೇ, ಅವರಿಗೆ ಜಾಗ ಮಾಡಿಕೊಡಿ. ಸರ್ವರ್ ಬ್ಲಾಕ್‌ನಲ್ಲಿ 150ರಿಂದ 199ರವರೆಗೆ ಅತಿಥಿಗಳಿಗೆ ಇಡಿ. ಮಷಿನ್ ತಂದು ರ್‍ಯಾಕ್ ಪಕ್ಕದ ಮೇಜಿಗೆ ಹಾಕಿದರೆ ಒಂದು ವಿಳಾಸ, ಒಂದು ಹೆಸರು, ಬೋರ್ಡ್‌ನಲ್ಲಿ ಒಂದು ಸಾಲು. ಸೀಟಿನಲ್ಲೇ ಇಟ್ಟುಕೊಳ್ಳುತ್ತೇನೆ ಎಂದರೆ ಅವರ ಸಾಲಿನ 230ರಿಂದ ಮೇಲಿನ ಒಂದು ವಿಳಾಸವನ್ನು ಅವರ ಮ್ಯಾಕ್ ವಿಳಾಸಕ್ಕೆ (ನೆಟ್‌ವರ್ಕ್ ಕಾರ್ಡ್‌ನ ಸ್ವಂತ ಗುರುತಿನ ಸಂಖ್ಯೆ) ರಿಸರ್ವ್ ಮಾಡಿ, ರಿಲೇ ಪಟ್ಟಿಗೂ ಸೇರಿಸಿ. ವಿಂಡೋಸ್ ಫೈರ್‌ವಾಲ್ ಆ ನೆಟ್‌ವರ್ಕ್ ಅನ್ನು 'ಪಬ್ಲಿಕ್' ಎಂದುಕೊಂಡು ಎಲ್ಲರನ್ನೂ ಹೊರಗೆ ನಿಲ್ಲಿಸಿರುತ್ತದೆ, ಗೇಮ್‌ಗೆ ಅನುಮತಿ ಕೊಡಿಸಿ.

ಹೆಸರಿನ ವಿಷಯಕ್ಕೆ, ಡಿಎನ್‌ಎಸ್‌ನಲ್ಲಿ ಪ್ರತಿ ಸರ್ವರ್‌ಗೂ 'ಸಿಎಸ್4', 'ಕ್ವೇಕ್2' ಥರದ ಪುಟ್ಟ ಹೆಸರು ಇಡಿ. 'ಡಾಟ್ ಲೋಕಲ್' ಎಂದು ಮುಗಿಯುವ ಹೆಸರು ಬೇಡ, ಅದು ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ ಮೀಸಲು. ಹೆಸರಿನ ಸಂಖ್ಯೆಯೂ ವಿಳಾಸದ ಕೊನೆಯ ಅಂಕಿಯೂ ಒಂದೇ ಇರಲಿ: ಸಿಎಸ್4 ಎಂದರೆ 14.

ಇಂಟರ್ನೆಟ್ ಕಡೆ

ಇಲ್ಲಿ ಎರಡೇ ಮಾತು. ಟೂರ್ನಮೆಂಟ್ ಸರ್ವರ್‌ಗಳನ್ನು ಹೊರಗಿನ ಸರ್ವರ್ ಪಟ್ಟಿಗೆ ನೋಂದಾಯಿಸಬೇಡಿ. ನೋಂದಾಯಿಸಿದರೆ ಹಾಲ್‌ನ ಆಟಗಾರರಿಗೆ ಅದರ ಹೊರ ವಿಳಾಸ ಕಾಣಿಸುತ್ತದೆ. ಅದನ್ನು ಒತ್ತಿದರೆ ಪ್ಯಾಕೆಟ್ ರೌಟರ್‌ವರೆಗೆ ಹೋಗಿ ಒಳಗೇ ತಿರುಗಿ ಬರಬೇಕು, ಬಹಳ ರೌಟರ್‌ಗಳಲ್ಲಿ ಅದು ಕೆಲಸ ಮಾಡುವುದಿಲ್ಲ. ಇನ್ನೊಂದು, ಒಂದೇ ಹೊರ ವಿಳಾಸದ ಹಿಂದೆ 1,200 ಜನರನ್ನು ನಿಲ್ಲಿಸಬೇಡಿ. ಅಷ್ಟೂ ಜನ ಒಂದೇ ಕಡೆಯಿಂದ ಲಾಗಿನ್ ಆದರೆ ಗೇಮ್ ಕಂಪನಿಗಳ ಸೇವೆಗಳು ದಾಳಿ ಎಂದುಕೊಂಡು ತಡೆಯಬಹುದು. ಕೆಲವು ಹೊರ ವಿಳಾಸಗಳನ್ನು ಪಡೆದು ಸಾಲುಗಳಿಗೆ ಹಂಚಿ.

ಹಾಲ್‌ನಲ್ಲಿ ನೇರ ಪಬ್ಲಿಕ್ ವಿಳಾಸಗಳನ್ನೇ ಕೊಡುವಷ್ಟು ಅನುಕೂಲ ಇದ್ದವರಿಗೆ ಒಂದು ಎಚ್ಚರಿಕೆ. ಕೌಂಟರ್-ಸ್ಟ್ರೈಕ್‌ನ ಹಳೆಯ ಸರ್ವರ್‌ಗಳನ್ನು ಲ್ಯಾನ್ ಮೋಡ್‌ನಲ್ಲಿ ಓಡಿಸಿದರೆ, ಸ್ಥಳೀಯ ಆಟಗಾರರಿಗೆ ಮಾತ್ರ ಎಂದು ಹೇಳಿ ಅವು ಇಂಥವರನ್ನು ಹೊರಗೆ ಹಾಕಬಹುದು. 10ರ ವಿಳಾಸಗಳಿಗೆ ಈ ಕಾಟ ಇಲ್ಲ.

ಹಂತ 7: ಬಾಗಿಲು ತೆರೆಯುವ ಮೊದಲು

ಒಂದು ಲ್ಯಾಪ್‌ಟಾಪ್ ಹಿಡಿದು ಸರ್ವರ್ ರ್‍ಯಾಕ್‌ನಿಂದ ಅತಿ ದೂರದ ಸಾಲಿಗೆ ಹೋಗಿ. ಸೀಟಿನ ಕೇಬಲ್ ಚುಚ್ಚಿ. ಬಂದ ವಿಳಾಸದಲ್ಲಿ ಸಾಲಿನ ಸಂಖ್ಯೆ ಸರಿ ಇದೆಯಾ ನೋಡಿ. ನಂತರ ಇದೇ ಕ್ರಮದಲ್ಲಿ ಮೂರು ಪರೀಕ್ಷೆ: ಸರ್ವರ್‌ಗೆ ಪಿಂಗ್, ವಿಳಾಸ ಟೈಪ್ ಮಾಡಿ ಸೇರುವುದು, ಕೊನೆಗೆ ಲ್ಯಾನ್ ಪಟ್ಟಿ. ಪಿಂಗ್ ಹೋಗದಿದ್ದರೆ ರೌಟಿಂಗ್ ಅಥವಾ ಮಾಸ್ಕ್ ತಪ್ಪಿದೆ. ಪಿಂಗ್ ಹೋಗಿ ಸೇರಲು ಆಗದಿದ್ದರೆ ಫೈರ್‌ವಾಲ್, ಇಲ್ಲವೇ ಸರ್ವರ್ ತಪ್ಪು ವಿಳಾಸ ಹಿಡಿದಿದೆ. ಸೇರಬಹುದು, ಪಟ್ಟಿ ಮಾತ್ರ ಖಾಲಿ ಎಂದರೆ ರಿಲೇ ನೋಡಿ. ಹೀಗೆ 30 ಸಾಲಿಗೂ ಹೋಗಬೇಕು. ಬೇಜಾರಿನ ಕೆಲಸ, ಆದರೆ ಪ್ರತಿ ಸಲವೂ ಒಂದಾದರೂ ತಪ್ಪು ಸಿಕ್ಕಿದೆ.

ಪಾರ್ಟಿ ಶುರುವಾದ ಮೇಲೆ ಇಡೀ ಸಾಲಿಗೆ ಪಟ್ಟಿ ಕಾಣಿಸುತ್ತಿದ್ದು, ಒಬ್ಬರಿಗೆ ಮಾತ್ರ ಖಾಲಿ ಇದ್ದರೆ ನೆಟ್‌ವರ್ಕ್ ಕೆದಕಬೇಡಿ. ಅವರ ಮಷಿನ್‌ನಲ್ಲಿ ವಿಪಿಎನ್ ಅಥವಾ ವರ್ಚುವಲ್‌ಬಾಕ್ಸ್‌ನ ಸುಳ್ಳು ನೆಟ್‌ವರ್ಕ್ ಕಾರ್ಡ್ ಇರುವ ಸಾಧ್ಯತೆ ಜಾಸ್ತಿ. ವಿಂಡೋಸ್ ಬ್ರಾಡ್‌ಕಾಸ್ಟ್ ಅನ್ನು ಆ ಕಾರ್ಡ್‌ನಿಂದ ಹೊರಗೆ ಬಿಟ್ಟಿರುತ್ತದೆ, ಕೂಗು ಕೇಬಲ್‌ಗೇ ಬಂದಿರುವುದಿಲ್ಲ. ಆ ಕಾರ್ಡ್ ಆಫ್ ಮಾಡಿಸಿ, ಪಟ್ಟಿ ರಿಫ್ರೆಶ್ ಮಾಡಿಸಿ.

ಕೊನೆಯದಾಗಿ ಬೋರ್ಡ್. ಪ್ರೊಜೆಕ್ಟರ್ ಇದ್ದರೆ ಪರದೆ ಮೇಲೆ, ಇಲ್ಲದಿದ್ದರೆ ದೊಡ್ಡ ಅಕ್ಷರದ ಕಾಗದ, ಪ್ರತಿ ಸಾಲಿನ ತುದಿಗೆ ಒಂದು: ಗೇಮ್, ಹೆಸರು, ವಿಳಾಸ. ಒಮ್ಮೆ ಅಂಟಿಸಿದ ಮೇಲೆ ಅದರಲ್ಲಿರುವ ಯಾವ ಸಂಖ್ಯೆಯನ್ನೂ ಬದಲಿಸಬೇಡಿ. ಒಂದು ಸರ್ವರ್ ಮಷಿನ್ ಸತ್ತರೆ ಬೇರೆ ಮಷಿನ್‌ಗೆ ಅದೇ ವಿಳಾಸ ಕೊಟ್ಟು ಎಬ್ಬಿಸಿ. ಆಗ ಹದಿನಾಲ್ಕು ಹದಿನಾಲ್ಕಾಗಿಯೇ ಇರುತ್ತದೆ, ಮೂರು ಮೇಜಿನಾಚೆಯಿಂದ ಕೂಗಿ ಹೇಳುವವರೂ ಸರಿಯಾಗಿಯೇ ಹೇಳುತ್ತಾರೆ.